ಆಸ್ಪತ್ರೆ ಸೇರಿದವರ ಮಾನ, ಗುಟ್ಟು ಎರಡನ್ನೂ ಕಾಯುವುದು ಹೇಗೆ? ಕೊಡಗಿನ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಮಡಿಕೇರಿಯಲ್ಲಿ ಬೆಳಿಗ್ಗೆ ಯಾರಾದರೂ ಅಡ್ಮಿಟ್ ಆದರೆ ಮಧ್ಯಾಹ್ನದೊಳಗೆ ನಾಪೋಕ್ಲಿನಿಂದ, ಗೋಣಿಕೊಪ್ಪದಿಂದ ಫೋನ್ ಬರಲು ಶುರುವಾಗುತ್ತದೆ. ಎಲ್ಲರೂ ಕಾಳಜಿಯಿಂದಲೇ ಕೇಳುತ್ತಾರೆ. ಆದರೆ ಸಂಜೆ ಹೊತ್ತಿಗೆ ಕಾಯಿಲೆಯ ಹೆಸರು, ರಿಪೋರ್ಟಿನ ಫೋಟೋ, ಕೆಲವೊಮ್ಮೆ ರೋಗಿ ಮಲಗಿರುವ ಚಿತ್ರವೂ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತದೆ. ಆಮೇಲೆ ಮನೆಯವರು ಕೇಳುತ್ತಾರೆ, "ಆಸ್ಪತ್ರೆಯವರೇ ಹೊರಗೆ ಹೇಳಿಬಿಟ್ಟರಾ?"

ನಾನು ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು. ಆಸ್ಪತ್ರೆಯಿಂದ ವಿಷಯ ಸೋರುವುದೂ ಉಂಟು. ಅದಕ್ಕೆ ಏನು ಮಾಡಬೇಕೆಂದು ಕೊನೆಯ ಹಂತದಲ್ಲಿ ಬರೆದಿದ್ದೇನೆ. ಆದರೆ ನಾನು ಕಂಡಂತೆ ಜಾಸ್ತಿ ಸೋರುವುದು ಹಾಸಿಗೆಯ ಪಕ್ಕದಿಂದ, ನಮ್ಮದೇ ಫೋನಿನಿಂದ. ಹೆಚ್ಚಿನ ಮನೆಯವರು ಶುರು ಮಾಡುವುದೂ ತಡವಾಗಿ. ಎಲ್ಲರಿಗೂ ಗೊತ್ತಾದ ಮೇಲೆ "ಯಾರಿಗೂ ಹೇಳಬೇಡಿ" ಅಂದರೆ ಪ್ರಯೋಜನವಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಇದು ಗೊತ್ತಿರಲಿ: ಹೆಸರು ಮುಚ್ಚಿದರೆ ಸಾಲದು

ನಮ್ಮಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದು "ಯಾವ ಮನೆ?" ಎಂದು. ಒಕ್ಕದ, ಅಂದರೆ ಮನೆತನದ ಹೆಸರು ಸಿಕ್ಕರೆ ಊರು ಸಿಗುತ್ತದೆ, ಊರು ಸಿಕ್ಕರೆ ಆಳು ಸಿಗುತ್ತಾರೆ. "ಅಮ್ಮತ್ತಿ ಕಡೆಯ 52 ವರ್ಷದ ಟೀಚರ್" ಅಂತ ಬರೆದರೆ ಹೆಸರು ಬರೆದ ಹಾಗೆಯೇ ಆಯಿತು.

ಆದ್ದರಿಂದ ಊರು, ಮನೆ, ವಯಸ್ಸು, ಕೆಲಸ, ವಾರ್ಡ್ ಮತ್ತು ಕಾಯಿಲೆ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಹೊರಗೆ ಹೋಗಬಾರದು. ದೊಡ್ಡ ಊರುಗಳಲ್ಲಿ ಹೆಸರು ತೆಗೆದರೆ ಸಾಕಾಗಬಹುದು. ಇಲ್ಲಿ ಸಾಕಾಗುವುದಿಲ್ಲ.

## ಹಂತ 1: ಮನೆ ಬಿಡುವ ಮೊದಲು ರೋಗಿಯನ್ನೇ ಕೇಳಿ

ಕಾಯಿಲೆಯ ವಿಷಯ ರೋಗಿಯದ್ದು. ಗಂಡನದ್ದಲ್ಲ, ಮಕ್ಕಳದ್ದಲ್ಲ, ಒಕ್ಕದ ಹಿರಿಯರದ್ದೂ ಅಲ್ಲ. ಅವರಿಗೆ ಪ್ರಜ್ಞೆ ಇದೆ, ಮಾತಾಡುತ್ತಾರೆ ಎಂದಾದರೆ ಮೂರು ವಿಷಯ ಕೇಳಿ. ನಿಮ್ಮ ಪರವಾಗಿ ಡಾಕ್ಟರ ಹತ್ತಿರ ಯಾರು ಮಾತಾಡಬೇಕು? ಯಾರಿಗೆ ಏನು ಹೇಳಬಹುದು? ಸ್ನಾನ, ಬೆಡ್‌ಪ್ಯಾನ್ ಇಂಥದ್ದಕ್ಕೆ ಯಾರು ಹತ್ತಿರ ಇದ್ದರೆ ಸಂಕೋಚವಾಗುವುದಿಲ್ಲ?

ಮೂರನೆಯದನ್ನು ಯಾರೂ ಕೇಳುವುದಿಲ್ಲ. ಸೊಸೆ ಮಾಡುತ್ತಾಳೆ ಎಂದು ಮನೆಯವರೇ ತೀರ್ಮಾನಿಸುತ್ತಾರೆ. ಮಾವನಿಗೆ ಅದು ಸಾಯುವಷ್ಟು ಸಂಕಟ. ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ನಿಲ್ಲಿಸಿದ ಹಿರಿಯರನ್ನು ನಾನು ನೋಡಿದ್ದೇನೆ.

ಫೋನ್ ಮಾಡುವವರಿಗೆ ಹೇಳಲು ಒಂದೇ ವಾಕ್ಯ ಸಿದ್ಧ ಮಾಡಿ, ಮನೆಯವರೆಲ್ಲ ಅದನ್ನೇ ಹೇಳಿ: "ಚಿಕಿತ್ಸೆ ನಡೀತಾ ಇದೆ, ಡಾಕ್ಟರ್ ನೋಡ್ತಾ ಇದ್ದಾರೆ, ನೀವು ಕೇಳಿದ್ರಿ ಅಂತ ಹೇಳ್ತೇನೆ." ಸುಳ್ಳು ಕಾಯಿಲೆಯ ಹೆಸರು ಹೇಳಬೇಡಿ. ಒಬ್ಬರು ಗ್ಯಾಸ್ಟ್ರಿಕ್ ಅಂದು ಇನ್ನೊಬ್ಬರು ಬಿಪಿ ಅಂದರೆ ಊರಿನವರಿಗೆ ಸಂಶಯ ಜಾಸ್ತಿಯಾಗುತ್ತದೆ.

ತುರ್ತು ಇದ್ದರೆ ಇದೆಲ್ಲಕ್ಕೆ ಕಾಯಬೇಡಿ. ಮೊದಲು ಆಸ್ಪತ್ರೆ ಮುಟ್ಟಿಸಿ, ರೋಗಿ ಸ್ವಲ್ಪ ಸುಧಾರಿಸಿದ ತಕ್ಷಣ ಕೇಳಿ.

## ಹಂತ 2: ಚೀಲಕ್ಕೆ ಇವು ಬೀಳಲಿ

ಹಣ, ಕಾರ್ಡು, ಫ್ಲಾಸ್ಕು ಎಲ್ಲರೂ ತೆಗೆದುಕೊಳ್ಳುತ್ತಾರೆ. ಮರೆಯುವುದು ಮೈ ಮುಚ್ಚುವ ಸಾಮಾನು. ಎರಡು ದಪ್ಪ ಬೆಡ್‌ಶೀಟ್, ಎರಡು ದೊಡ್ಡ ಟವೆಲ್, ಬಟ್ಟೆ ಒಣಹಾಕುವ ಕ್ಲಿಪ್ಪು ಏಳೆಂಟು, ಸೇಫ್ಟಿ ಪಿನ್, ಒಂದು ಶಾಲು ಬೇಕು. ಹೆಂಗಸರಿಗೆ ಮುಂದೆ ಗುಂಡಿ ಇರುವ ನೈಟಿ, ಗಂಡಸರಿಗೆ ಮುಂದೆ ತೆರೆಯುವ ಶರ್ಟು ಮತ್ತು ಪಂಚೆ ಇರಲಿ. ಇಸಿಜಿ ಮಾಡುವಾಗ ಎದೆಯ ಮೇಲೆ ಲೀಡ್ ಅಂಟಿಸುತ್ತಾರೆ. ತಲೆಯಿಂದ ಹಾಕುವ ನೈಟಿಯಾದರೆ ಪೂರ್ತಿ ಮೇಲೆತ್ತಬೇಕಾಗುತ್ತದೆ.

ಮಳೆಗಾಲದಲ್ಲಿ ಬಟ್ಟೆ ದುಪ್ಪಟ್ಟು ತನ್ನಿ. ಜುಲೈಯಲ್ಲಿ ಒಗೆದದ್ದು ನಾಲ್ಕು ದಿನವಾದರೂ ಒಣಗುವುದಿಲ್ಲ, ಅಲ್ವಾ? ಹೊದೆಯಲು ಒಣಬಟ್ಟೆ ಇಲ್ಲದೆ ಎಷ್ಟೋ ರೋಗಿಗಳು ಅರೆಬರೆ ಮುಚ್ಚಿಕೊಂಡು ಮಲಗಿರುತ್ತಾರೆ.

ಕಾಗದಗಳಿಗೆ ಬಟನ್ ಇರುವ, ಒಳಗಿನದ್ದು ಕಾಣದ ಫೈಲ್ ತನ್ನಿ. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಮೇಲಿನ ರಿಪೋರ್ಟು ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ.

## ಹಂತ 3: ಕೌಂಟರಿನಲ್ಲಿ ಕೊಡುವ ಫೋನ್ ನಂಬರ್

ಇದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ. ಆದರೆ ದೊಡ್ಡ ಸೋರಿಕೆಯೊಂದು ಶುರುವಾಗುವುದು ಇಲ್ಲಿಂದಲೇ. ತೋಟದ ಕಡೆ ನೆಟ್‌ವರ್ಕ್ ಇಲ್ಲವೆಂದು ಅಂಗಡಿಯವರ, ತೋಟದ ರೈಟರ (ಲೆಕ್ಕ ಬರೆಯುವ ಗುಮಾಸ್ತರ), ಪಕ್ಕದ ಮನೆಯ ಹುಡುಗನ ನಂಬರ್ ಕೊಡುತ್ತಾರೆ. ಆಮೇಲೆ ಲ್ಯಾಬ್ ರಿಪೋರ್ಟ್, ಅಪಾಯಿಂಟ್‌ಮೆಂಟ್ ಮೆಸೇಜು, ಆಭಾ ಖಾತೆಯ ಒಟಿಪಿ ಎಲ್ಲವೂ ಅವರ ಫೋನಿಗೆ ಹೋಗುತ್ತದೆ. ರೋಗಿಯ ನಂಬರನ್ನೇ ಕೊಡಿ. ಅವರ ಬಳಿ ಫೋನ್ ಇಲ್ಲದಿದ್ದರೆ ಅವರು ಒಪ್ಪಿದ ಒಬ್ಬರದ್ದು ಮಾತ್ರ.

ಆಭಾ ಅಂದರೆ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ. ಅದನ್ನು ಮಾಡಿಸುವುದು ಕಡ್ಡಾಯವಲ್ಲ. ಮಾಡಿಸಿದರೂ ದಾಖಲೆ ನೋಡಲು ನಿಮ್ಮ ಒಪ್ಪಿಗೆ ಬೇಕು. ಸರ್ಕಾರದ ಆರೋಗ್ಯ ಯೋಜನೆಗೆ ಆಧಾರ್, ರೇಷನ್ ಕಾರ್ಡ್ ಕೇಳಿದರೆ ಕೊಡಬೇಕಾಗುತ್ತದೆ. ಜೆರಾಕ್ಸ್ ಮೇಲೆ ಯಾವ ಉದ್ದೇಶಕ್ಕೆ ಎಂದು ಬರೆದು ತಾರೀಖು ಹಾಕಿ.

ಕೌಂಟರಿನಲ್ಲಿ "ಏನು ತೊಂದರೆ?" ಎಂದು ಗಟ್ಟಿಯಾಗಿ ಕೇಳಿದರೆ, ಹಿಂದೆ ಸಾಲು ಇದ್ದರೆ, ಚೀಟಿಯಲ್ಲಿ ಬರೆದು ಕೊಡಿ. ಅಥವಾ "ಡಾಕ್ಟರಿಗೆ ಹೇಳ್ತೇನೆ, ಯಾವ ವಿಭಾಗ ಅಂತ ಮಾತ್ರ ಬರ್ಕೊಳ್ಳಿ" ಎನ್ನಿ.

## ಹಂತ 4: ಡಾಕ್ಟರಿಗೆ ಎಲ್ಲವನ್ನೂ ಹೇಳಿ, ಆದರೆ ಬೇರೆಯವರಿಲ್ಲದಾಗ

ಗುಟ್ಟು ಕಾಯಬೇಕು ಎಂದು ಡಾಕ್ಟರಿಂದಲೇ ಮುಚ್ಚಿಡುವುದು ನಾನು ಕಂಡ ಅತ್ಯಂತ ಅಪಾಯದ ತಪ್ಪು.

ಕುಡಿತವನ್ನೇ ತೆಗೆದುಕೊಳ್ಳಿ. ಕಾಲು ಮುರಿದು ಬಂದವರು ದಿನಾ ಕುಡಿಯುತ್ತಾರೆ ಎಂದು ಮನೆಯವರು ಹೇಳುವುದಿಲ್ಲ. ಕುಡಿತ ಥಟ್ಟನೆ ನಿಂತ ಎರಡು ಮೂರು ದಿನಕ್ಕೆ ಕೈ ನಡುಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ, ಡ್ರಿಪ್ ಕಿತ್ತುಹಾಕುತ್ತಾರೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಜೀವಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ಇದನ್ನು ತಡೆಯಲು ಔಷಧವಿದೆ. ಮುಟ್ಟು ನಿಂತಿರುವುದು, ಹಳೆಯ ಟಿಬಿ, ಮಾನಸಿಕ ಕಾಯಿಲೆಯ ಮಾತ್ರೆ, ನಾಟಿ ಮದ್ದು ಇವೂ ಹಾಗೆಯೇ.

ಜೊತೆಗೆ ಬಂದವರ ಎದುರು ಹೇಳಲು ಆಗದಿದ್ದರೆ, "ಡಾಕ್ಟ್ರೇ, ಒಂದು ನಿಮಿಷ ನಾನೊಬ್ಬಳೇ ಮಾತಾಡಬೇಕು" ಎನ್ನಿ. ಲೈನ್ ಮನೆಯಿಂದ (ತೋಟದ ಸಾಲುಮನೆಗಳಿಂದ) ಬರುವ ಕಾರ್ಮಿಕರಿಗೆ ಇದು ಇನ್ನೂ ಮುಖ್ಯ. ಅವರನ್ನು ಕರೆತರುವುದು ರೈಟರೋ ಮೇಸ್ತ್ರಿಯೋ. ಡಾಕ್ಟರ್ ಕೇಳುವ ಪ್ರಶ್ನೆಗೆ ಅವರೇ ಉತ್ತರ ಹೇಳಿಬಿಡುತ್ತಾರೆ. ಕೆಲಸ ಕೊಡುವವರ ಎದುರು ಯಾವ ಕಾರ್ಮಿಕ ತನ್ನ ಕಾಯಿಲೆ ಬಾಯಿಬಿಟ್ಟು ಹೇಳುತ್ತಾನೆ? ನೀವು ತೋಟದ ಮಾಲೀಕರಾಗಿದ್ದರೆ ದಯವಿಟ್ಟು ನಿಮ್ಮವರಿಗೆ ಹೇಳಿ: ಚೀಟಿ ಮಾಡಿಸಿ, ಬಿಲ್ಲು ಕಟ್ಟಿ, ಆದರೆ ಡಾಕ್ಟರ ಕೋಣೆಯಿಂದ ಹೊರಗೆ ನಿಲ್ಲಿ. ಭಾಷೆಯ ತೊಡಕಿದ್ದರೆ ಆ ಭಾಷೆ ಬಲ್ಲ ಸಿಸ್ಟರನ್ನು ಕೇಳಿ, ಪಕ್ಕದ ಬೆಡ್ಡಿನವರನ್ನಲ್ಲ.

ಕೆಲವು ವಿಷಯಕ್ಕೆ ಕಾನೂನಿನ ಬಲ ವಿಶೇಷವಾಗಿದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಪ್ಪಿಗೆ ಇಲ್ಲದೆ ಫಲಿತಾಂಶ ಹೊರಗೆ ಹೇಳುವಂತಿಲ್ಲ. ಗರ್ಭಪಾತ ಮಾಡಿಸಿಕೊಂಡ ಹೆಂಗಸಿನ ಹೆಸರು, ವಿವರವನ್ನು ಬಹಿರಂಗ ಮಾಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. 2021ರ ತಿದ್ದುಪಡಿಯಲ್ಲಿ ಇದು ಸೇರಿದೆ. ಮಾನಸಿಕ ಚಿಕಿತ್ಸೆಯ ಗುಟ್ಟಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ರಕ್ಷಣೆ ಇದೆ.

ಇನ್ನೊಂದು ಮಾತು. ಟಿಬಿ ಬಂದರೆ ಡಾಕ್ಟರ್ ಸರ್ಕಾರಕ್ಕೆ ತಿಳಿಸಲೇಬೇಕು. ಅಪಘಾತ, ಹೊಡೆದಾಟ, ವಿಷ ಸೇವನೆಯ ಕೇಸುಗಳು ಪೊಲೀಸರಿಗೆ ಹೋಗುತ್ತವೆ. ಇದು ಗುಟ್ಟು ಬಿಟ್ಟುಕೊಟ್ಟ ಹಾಗಲ್ಲ. ಅದೇ ವಿಷಯವನ್ನು ಅಟೆಂಡರ್ ಕ್ಯಾಂಟೀನಿನಲ್ಲಿ ಹೇಳಿದರೆ ತಪ್ಪು.

## ಹಂತ 5: ವಾರ್ಡಿನಲ್ಲಿ ಮೈ ಮುಚ್ಚಿಯೇ ಆರೈಕೆ

ಹೆಂಗಸನ್ನು ಗಂಡು ಡಾಕ್ಟರ್ ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು. ಇದು ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ, ಕೇಳಲು ಹಿಂಜರಿಯಬೇಡಿ. ಗಂಡಸರಿಗೂ ನಾಚಿಕೆ ಇರುತ್ತದೆ. ಆಪರೇಷನ್ ಮೊದಲು ಶೇವ್ ಮಾಡಲು, ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಲು ಗಂಡು ಸಿಬ್ಬಂದಿ ಇದ್ದಾರಾ ಎಂದು ಕೇಳಬಹುದು. ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದಿದ್ದರೆ ಚಿಕಿತ್ಸೆ ಮಾತ್ರ ತಡಮಾಡಬೇಡಿ.

ಹಾಸಿಗೆಯಲ್ಲೇ ಮೈ ಒರೆಸುವುದನ್ನು ಹೆಚ್ಚಿನವರು ತಪ್ಪು ಕ್ರಮದಲ್ಲಿ ಮಾಡುತ್ತಾರೆ. ಬಟ್ಟೆ ಬಿಚ್ಚಿದ ಮೇಲೆ ಬಿಸಿನೀರು ತರಲು ಓಡುತ್ತಾರೆ. ರೋಗಿ ಬರಿಮೈಯಲ್ಲಿ ಚಳಿಗೆ ನಡುಗುತ್ತಿರುತ್ತಾರೆ. ಕ್ರಮ ಹೀಗಿರಲಿ.

1. ನೀರು, ಸೋಪು, ಎರಡು ಮೂರು ಒರೆಸುವ ಬಟ್ಟೆ, ಹಾಕಬೇಕಾದ ಬಟ್ಟೆ ಎಲ್ಲವನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

2. ಪರದೆ ಎಳೆಯಿರಿ ಅಥವಾ ಸಿಸ್ಟರ ಹತ್ತಿರ ಸ್ಕ್ರೀನ್ ಕೇಳಿ. ಪರದೆ ಗಿಡ್ಡವಾದರೆ ಬೆಡ್‌ಶೀಟನ್ನು ಕ್ಲಿಪ್ ಹಾಕಿ ಸೇರಿಸಿ. ಕಿಟಕಿ ನೋಡಿ. ಪಕ್ಕದ ಬೆಡ್ಡಿನ ಜೊತೆಗಿರುವವರಿಗೆ "ಸ್ವಲ್ಪ ಹೊರಗೆ ಇರ್ತೀರಾ?" ಎನ್ನಿ.

3. ಏನು ಮಾಡುತ್ತೀರಿ ಎಂದು ರೋಗಿಗೆ ಹೇಳಿ. ಮಾತು ನಿಂತವರಿಗೂ ಹೇಳಿ. ಸ್ಟ್ರೋಕ್ ಆದವರಿಗೆ ಮಾತು ಬಾರದಿದ್ದರೂ ಎಷ್ಟೋ ಸಲ ಕೇಳಿಸಿ ಅರ್ಥವಾಗುತ್ತದೆ.

4. ಮೊದಲು ಮೇಲೆ ಶೀಟ್ ಹೊದೆಸಿ. ಅದರ ಕೆಳಗಿನಿಂದ ಬಟ್ಟೆ ತೆಗೆಯಿರಿ.

5. ಒಮ್ಮೆಗೆ ಒಂದೇ ಭಾಗ ತೆರೆಯಿರಿ. ಒರೆಸಿ, ಒಣಗಿಸಿ, ಮುಚ್ಚಿ, ಆಮೇಲೆ ಮುಂದಿನದು. ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು ಈ ಕ್ರಮದಲ್ಲಿ. ಗುಪ್ತಾಂಗ ಕೊನೆಗೆ, ನೀರು ಮತ್ತು ಬಟ್ಟೆ ಬದಲಿಸಿ. ಕೈಲಾದರೆ ಅಷ್ಟನ್ನು ಅವರೇ ಮಾಡಿಕೊಳ್ಳಲಿ.

6. ಪೂರ್ತಿ ಬಟ್ಟೆ ಹಾಕಿದ ಮೇಲೆಯೇ ಪರದೆ ತೆರೆಯಿರಿ. ಒಂದು ಕೈ ಸ್ವಾಧೀನ ಇಲ್ಲದಿದ್ದರೆ ಹಾಕುವಾಗ ಆ ಕೈಗೆ ಮೊದಲು ತೋಳು ತೊಡಿಸಿ, ತೆಗೆಯುವಾಗ ಆ ಕೈಯದ್ದನ್ನು ಕೊನೆಗೆ ತೆಗೆಯಿರಿ. ಎಳೆದಾಟ ಇಲ್ಲದಿದ್ದರೆ ಮೈ ಬೇಗ ಮುಚ್ಚುತ್ತದೆ.

ಮಾನ ಕಾಯಲು ಹೋಗಿ ತೊಂದರೆ ಮಾಡಿಕೊಳ್ಳುವ ಮೂರು ಸಂದರ್ಭ ಇವೆ. ಯೂರಿನ್ ಬ್ಯಾಗ್ ಯಾರಿಗೂ ಕಾಣಬಾರದೆಂದು ಹಾಸಿಗೆಯ ಮೇಲೆ, ಕಂಬಳಿಯೊಳಗೆ ಇಡುತ್ತಾರೆ. ಮೂತ್ರ ವಾಪಸ್ ಹರಿದು ಸೋಂಕು ಆಗುತ್ತದೆ. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೂ ತಾಗಬಾರದು. ಜನ ಓಡಾಡದ ಬದಿಗೆ ತೂಗುಹಾಕಿ, ಬಟ್ಟೆಯ ಚೀಲದೊಳಗೆ ಇಳಿಬಿಡಿ. ಎರಡನೆಯದು, ನಿಶ್ಶಕ್ತರು ಶೌಚಾಲಯದ ಚಿಲಕ ಹಾಕಿಕೊಳ್ಳುವುದು. ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಬಾಗಿಲು ಮುಂದೆ ಮಾಡಿ ನೀವು ಹೊರಗೆ ನಿಲ್ಲಿ. ಮೂರನೆಯದು, ದಿನವಿಡೀ ಪರದೆ ಮುಚ್ಚಿಡುವುದು. ಆಕ್ಸಿಜನ್ ಮೇಲಿರುವವರ ಮುಖ, ಉಸಿರು ಸಿಸ್ಟರಿಗೆ ದೂರದಿಂದಲೇ ಕಾಣಬೇಕು.

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಕಲಿಸುವ ಆಸ್ಪತ್ರೆ. ರೌಂಡ್ಸ್‌ನಲ್ಲಿ ವಿದ್ಯಾರ್ಥಿಗಳು ಬರುತ್ತಾರೆ. ಅವರು ಕಲಿಯದಿದ್ದರೆ ನಾಳೆ ನಮಗೆ ಡಾಕ್ಟರ್ ಎಲ್ಲಿಂದ ಬರಬೇಕು? ಆದರೆ ಖಾಸಗಿ ಭಾಗದ ಪರೀಕ್ಷೆಗೆ ಇಷ್ಟು ಜನ ಬೇಡ ಎಂದು ರೋಗಿ ಹೇಳಬಹುದು. ಹಾಗೆ ಹೇಳಿದರೆ ಚಿಕಿತ್ಸೆ ಕಡಿಮೆಯಾಗಬಾರದು. ಗಾಯದ ಫೋಟೋ ತೆಗೆಯಲು ಬಂದರೆ ಯಾಕೆ, ಯಾವ ಫೋನಿನಲ್ಲಿ ಎಂದು ಕೇಳಿ. ಗುರುತು ಸಿಗುವಂಥ ಫೋಟೋ ಪ್ರಕಟಿಸಲು ವೈದ್ಯರಿಗೆ ರೋಗಿಯ ಅನುಮತಿ ಬೇಕೇ ಬೇಕು.

## ಹಂತ 6: ನೋಡಲು ಬರುವವರು, ಫೋನು, ಫೋಟೋ

ಕೇಸ್ ಶೀಟ್ ಹಾಸಿಗೆಯ ಬುಡದಲ್ಲಿ ತೂಗುತ್ತಿದ್ದರೆ ಬಂದವರು ಎತ್ತಿ ಓದುತ್ತಾರೆ. ಸಿಸ್ಟರ ಟೇಬಲ್ಲಿನಲ್ಲಿ ಇಡಬಹುದಾ ಎಂದು ಕೇಳಿ. ಮಾತ್ರೆಯ ಪಟ್ಟಿ, ಸ್ಕ್ಯಾನಿಂಗ್ ಕವರ್ ಮೇಜಿನ ಮೇಲೆ ಬಿಡಬೇಡಿ. ಡಾಕ್ಟರ್ ಬಂದಾಗ ನೋಡಲು ಬಂದವರು ಹೊರಗೆ ಹೋಗಬೇಕು. ಇದನ್ನು ಒಬ್ಬ ಗಟ್ಟಿ ಸ್ವಭಾವದವರಿಗೆ ಒಪ್ಪಿಸಿ. ಪ್ರತಿ ಮನೆಯಲ್ಲೂ ಅಂಥ ಒಬ್ಬ ಅತ್ತೆಯೋ ಚಿಕ್ಕಪ್ಪನೋ ಇರುತ್ತಾರೆ.

ಆನೆ ದಾಳಿಯೋ ವಾಹನ ಅಪಘಾತವೋ ಆದಾಗ ಕ್ಯಾಶುಯಲ್ಟಿ ಬಾಗಿಲಲ್ಲೇ ಫೋನುಗಳು ಮೇಲೇಳುತ್ತವೆ. ಮೊದಲ ಕೆಲಸ, ಒಬ್ಬರು ಶಾಲು ಹಿಡಿದು ಸ್ಟ್ರೆಚರಿನ ಬದಿಗೆ ಅಡ್ಡ ನಿಲ್ಲುವುದು. ಪರಿಹಾರಕ್ಕೆ ಬೇಕಾದ ವೈದ್ಯರ ಪತ್ರ, ಚಿತ್ರಗಳು ಇಲಾಖೆಯ ಅರ್ಜಿಯ ಜೊತೆ ಹೋಗಲಿ. ಅವು ಗ್ರೂಪಿಗೆ ಬೇಡ.

ರಕ್ತ ಕೇಳುವ ಮೆಸೇಜಿನಲ್ಲಿ ಎಲ್ಲರೂ ಎಡವುತ್ತಾರೆ. ಗಾಬರಿಯಲ್ಲಿ ರೋಗಿಯ ಹೆಸರು, ಮನೆ, ಊರು, ಕಾಯಿಲೆ, ವಾರ್ಡ್, ಫೋಟೋ ಎಲ್ಲ ಹಾಕುತ್ತಾರೆ. ರಕ್ತ ಕೊಡುವವರಿಗೆ ಇದು ಯಾವುದೂ ಬೇಡ. ಇಷ್ಟು ಸಾಕು: "ನಾಳೆ ಬೆಳಿಗ್ಗೆ 10ರೊಳಗೆ ಬಿ ನೆಗೆಟಿವ್ ರಕ್ತ 2 ಯೂನಿಟ್ ಬೇಕು. ಮಡಿಕೇರಿ. ಕೊಡುವವರು ಈ ನಂಬರಿಗೆ ಫೋನ್ ಮಾಡಿ." ಮುಂದಿನ ವಿವರ ರಕ್ತನಿಧಿಗೆ ಗೊತ್ತಿದ್ದರೆ ಸಾಕು. ರಕ್ತ ಸಿಕ್ಕಿದ ತಕ್ಷಣ "ಸಿಕ್ಕಿತು, ಇನ್ನು ಕಳಿಸಬೇಡಿ" ಎಂದು ಹಾಕಿ. ಇಲ್ಲದಿದ್ದರೆ ಅದು ತಿಂಗಳುಗಟ್ಟಲೆ ಸುತ್ತುತ್ತದೆ.

## ಹಂತ 7: ಮೈಸೂರಿಗೆ, ಮಂಗಳೂರಿಗೆ ಕಳಿಸಿದರೆ

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಹೊರಡುವ ಮೊದಲು ಯೂರಿನ್ ಬ್ಯಾಗ್ ಖಾಲಿ ಮಾಡಿಸಿ, ಡಯಾಪರ್ ಬದಲಿಸಿ, ಶೀಟ್ ಸಿಕ್ಕಿಸಿ. ಫೈಲ್ ಒಬ್ಬರ ಕೈಯಲ್ಲೇ ಇರಲಿ. ಹೊಸ ಆಸ್ಪತ್ರೆಯಲ್ಲಿ ಹಂತ 3ರಿಂದ ಮತ್ತೆ ಶುರು ಮಾಡಿ. ಇಲ್ಲಿ ಹೇಳಿದ್ದು ಅಲ್ಲಿಗೆ ಗೊತ್ತಿರುವುದಿಲ್ಲ.

ಡಿಸ್ಚಾರ್ಜ್ ಆಗುವಾಗ ದಾಖಲೆ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳಲ್ಲಿದೆ. ಆಸ್ಪತ್ರೆಯ ಚೀಲ, ಹಳೆಯ ಚೀಟಿಗಳನ್ನು ಹಾಗೇ ಎಸೆಯಬೇಡಿ. ಹೆಸರಿರುವ ಭಾಗ ಹರಿದು ಒಲೆಗೆ ಹಾಕಿ.

## ಹಂತ 8: ಮನೆಯಲ್ಲಿ ಹೋಮ್ ನರ್ಸ್, ಮತ್ತು ಆ ಕ್ಯಾಮೆರಾ

ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು, ತೋಟದ ಮನೆಯಲ್ಲಿ ಅಪ್ಪ ಅಮ್ಮ ಹೋಮ್ ನರ್ಸ್ ಜೊತೆ ಇರುವುದು ನಮ್ಮಲ್ಲಿ ಈಗ ಸಾಮಾನ್ಯ. ಮಕ್ಕಳ ಆತಂಕ ನನಗೆ ಅರ್ಥವಾಗುತ್ತದೆ. ಹೋಮ್ ನರ್ಸ್ ಹೊಡೆದರೆ, ಊಟ ಕೊಡದಿದ್ದರೆ ಎಂದು ಮಲಗುವ ಕೋಣೆಗೆ ಕ್ಯಾಮೆರಾ ಹಾಕುತ್ತಾರೆ. ಆದರೆ ಆ ಕ್ಯಾಮೆರಾಕ್ಕೆ ಅಮ್ಮನ ಡಯಾಪರ್ ಬದಲಿಸುವುದೂ ಕಾಣುತ್ತದೆ. ಮಗ, ಅಳಿಯ, ಮೊಮ್ಮಕ್ಕಳ ಫೋನಿನಲ್ಲೆಲ್ಲ ಅದೇ ಆ್ಯಪ್. ಅಮ್ಮನನ್ನು ಕೇಳಿದವರು ಯಾರು?

ಕ್ಯಾಮೆರಾ ಬೇಕೇ ಬೇಕಾದರೆ ಜಗಲಿಗೆ, ಹಾಲಿಗೆ, ಅಡುಗೆಮನೆಗೆ ಹಾಕಿ. ಮಲಗುವ ಕೋಣೆಗೆ ಹಾಕುವುದಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಹೋಮ್ ನರ್ಸಿಗೂ ಗೊತ್ತಿರಬೇಕು. ಕ್ಯಾಮೆರಾ ಬಾಗಿಲ ಕಡೆಗೆ ತಿರುಗಿರಲಿ, ಸ್ನಾನ ಮತ್ತು ಬಟ್ಟೆ ಬದಲಿಸುವ ಹೊತ್ತಿಗೆ ಮುಚ್ಚಲು ಒಂದು ಬಟ್ಟೆಯ ಟೋಪಿ ಇರಲಿ. ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ. ಬಚ್ಚಲಿಗೆ ಯಾವ ಕಾರಣಕ್ಕೂ ಬೇಡ.

ಹೋಮ್ ನರ್ಸ್ ಬಂದ ಮೊದಲ ದಿನವೇ ಏಜೆನ್ಸಿಯವರ ಎದುರು ಹೇಳಿ: ರೋಗಿಯ ಫೋಟೋ, ವಿಡಿಯೋ ಬೇಡ. ವಿಡಿಯೋ ಕಾಲ್ ಮಾಡುವಾಗ ಹಿಂದೆ ಹಾಸಿಗೆ ಕಾಣಬಾರದು. ಹಿಂದಿನ ಮನೆಯ ರೋಗಿಯ ಕಥೆ ನಿಮಗೆ ಹೇಳಲು ಶುರು ಮಾಡಿದರೆ ಅಲ್ಲೇ ತಡೆಯಿರಿ. ನಿಮ್ಮ ಮನೆಯ ಕಥೆಯೂ ಮುಂದಿನ ಮನೆಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಇಲ್ಲ.

ಬೇರೆ ಸೂಚನೆಗಳೂ ಇವೆ. ರೋಗಿ ಸ್ನಾನ ಬೇಡವೆಂದು ಹಠ ಮಾಡುವುದು, ಒಬ್ಬರು ಹತ್ತಿರ ಬಂದರೆ ಮಾತ್ರ ಶೀಟ್ ಬಿಗಿಯಾಗಿ ಹಿಡಿದುಕೊಳ್ಳುವುದು, ನೀವು ಹೇಳದ ವಿಷಯ ಸಂಬಂಧಿಕರ ಬಾಯಲ್ಲಿ ಬರುವುದು. ಇವನ್ನು ವಯಸ್ಸಾದವರ ಮೊಂಡುತನ ಎಂದು ಸುಮ್ನೆ ತಳ್ಳಿಹಾಕಬೇಡಿ. ಬೇರೆಯವರಿಲ್ಲದಾಗ ಪಕ್ಕದಲ್ಲಿ ಕೂತು ಕೇಳಿ.

## ಹಂತ 9: ವಿಷಯ ಹೊರಬಿದ್ದರೆ

ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಜಗಳ ಆಮೇಲೆ. ಜಗಳ ಶುರುವಾದರೆ ಅವರು ಅಳಿಸಿಬಿಡುತ್ತಾರೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾವ ಗ್ರೂಪು, ಯಾರು ಹಾಕಿದ್ದು, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ. ರೋಗಿಯ ನಗ್ನ ಚಿತ್ರವಾಗಿದ್ದರೆ ಅದನ್ನು ಸಾಕ್ಷಿ ಎಂದು ಇನ್ನೊಬ್ಬರಿಗೆ ಕಳಿಸಬೇಡಿ, ನೇರ ಪೊಲೀಸರಿಗೆ ತೋರಿಸಿ. ನಂತರ ಗ್ರೂಪಿನ ಅಡ್ಮಿನ್‌ಗೆ ಹೇಳಿ ತೆಗೆಸಿ.

ಸಂಬಂಧಿಕರಿಂದ ಸೋರಿದ್ದರೆ ಮಾತಿನಲ್ಲೇ ಮುಗಿಸುವುದು ಒಳ್ಳೆಯದು. ಆಸ್ಪತ್ರೆಯವರಿಂದ ಸೋರಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಅಥವಾ ವೈದ್ಯಕೀಯ ಅಧೀಕ್ಷಕರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಸರ್ಕಾರಿ ಆಸ್ಪತ್ರೆಯಾದರೆ ಮುಂದಿನ ಬಾಗಿಲು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ. ಖಾಸಗಿಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರ ಇದೆ. ವೈದ್ಯರ ಮೇಲಿನ ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಹೋಗಬಹುದು.

ಬಟ್ಟೆ ಇಲ್ಲದ ದೇಹದ ಚಿತ್ರ ತೆಗೆದಿದ್ದರೆ ಅಥವಾ ಹಂಚಿದ್ದರೆ ಅದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಖಾಸಗಿ ಅಂಗದ ಚಿತ್ರ ಒಪ್ಪಿಗೆಯಿಲ್ಲದೆ ತೆಗೆದರೂ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಅಥವಾ ಹತ್ತಿರದ ಠಾಣೆಗೆ ಹೋಗಿ.

ದೂರು ಬರೆಯುವಾಗಲೂ ಎಚ್ಚರ ಬೇಕು. ಅರ್ಜಿ ಹತ್ತು ಮೇಜು ದಾಟುತ್ತದೆ. ಕಾಯಿಲೆಯ ಹೆಸರು ಅಗತ್ಯವಿಲ್ಲದಿದ್ದರೆ "ಚಿಕಿತ್ಸೆಯ ವಿವರ ಹೊರಗೆ ತಿಳಿಸಲಾಗಿದೆ" ಎಂದಷ್ಟೇ ಬರೆಯಿರಿ. ರಿಪೋರ್ಟ್, ಸ್ಕ್ರೀನ್‌ಶಾಟ್ ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ "ಗೌಪ್ಯ" ಎಂದು ಬರೆದು ಸಂಬಂಧಪಟ್ಟ ಅಧಿಕಾರಿಯ ಕೈಗೇ ಕೊಡಿ. ನಿಮ್ಮ ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡ ಮೇಲೆ ಕಚೇರಿಯಿಂದ ಹೊರಡಿ.